ಕೊನೆಯಲ್ಲಿ ನೋಡುವ ಹಾಲು

ತಾನು ನಕ್ಕಿದ್ದೇಕೆ ಎನ್ನುವುದು ಬಸ್ಸು ಕೊಪ್ಪ ಬಿಟ್ಟು ಎರಡು ಸ್ಟಾಪು ಕಳೆದರೂ ದೀಪಿಕಳಿಗೆ ತಿಳಿಯಲಿಲ್ಲ. ತೊಡೆಯ ಮೇಲೆ ಭೌತಶಾಸ್ತ್ರದ ಪುಸ್ತಕ ತೆರೆದೇ ಇತ್ತು. ಕೊಪ್ಪದಿಂದ ಮದ್ದೂರು ಮುಟ್ಟುವುದರೊಳಗೆ ಭೌತಶಾಸ್ತ್ರ, ಅಲ್ಲಿ ಬಸ್ಸು ಬದಲಾಯಿಸಿ ಮಂಡ್ಯ ಮುಟ್ಟುವುದರೊಳಗೆ ಜೀವಶಾಸ್ತ್ರ, ಸಂಜೆ ಬರುವಾಗ ಇದೇ ತಿರುಗುಮುರುಗು. ಸೆಕೆಂಡ್ ಪಿಯುಸಿ ಶುರುವಾದ ದಿನದಿಂದ ತನಗೆ ತಾನೇ ಹಾಕಿಕೊಂಡಿದ್ದ ಕರಾರು ಅದು. ಕಿಟಕಿಯ ಪಕ್ಕ ಸೀಟು ಸಿಕ್ಕಿದ ದಿನ ಇಡೀ ಒಂದು ಪಾಠವೇ ಮುಗಿಯುತ್ತಿತ್ತು. ಇವತ್ತು ಸೀಟೂ ಸಿಕ್ಕಿತ್ತು, ಬಿಸಿಲೂ ಏರಿರಲಿಲ್ಲ, ಆದರೆ ಮೂರನೆಯ ಸಾಲಿನಿಂದ ಕಣ್ಣು ಕೆಳಗಿಳಿಯುತ್ತಿರಲಿಲ್ಲ. ಬೆಳಿಗ್ಗೆ ಊರಿನ ಡೇರಿಯ ಮುಂದೆ ದೇವಿರಮ್ಮನ ಹಾಲು ವಾಪಸ್ಸು ಹೋದಾಗ ಸಾಲಿನಲ್ಲಿ ನಿಂತಿದ್ದವರೆಲ್ಲ ನಕ್ಕಿದ್ದರು. ಅವರು ನಗುವವರೇ, ಅಷ್ಟು ಹೊತ್ತಿಗೆ ಅವರಿಗೆ ಬೇರೆ ಮೋಜು ಏನಿದೆ? ಆದರೆ ಮೇಜಿನ ಹಿಂದೆ ಕೂತು, ಕೈಯಲ್ಲಿ ಪೆನ್ನು ಹಿಡಿದು, ಹಾಲು ಒಳ್ಳೆಯದೋ ಅಲ್ಲವೋ ಎಂದು ಹೇಳಬೇಕಾಗಿದ್ದವಳು ತಾನು. ಬಂದ ನಗು ತುಟಿಯ ಒಳಗೇ ಉಳಿದಿತ್ತೇ, ಹಲ್ಲು ಕಾಣಿಸಿತ್ತೇ ಎಂದು ಮತ್ತೆ ಮತ್ತೆ ನೆನೆದು ನೋಡಿದಳು. ಹಲ್ಲು ಕಂಡಿತ್ತು. ದೇವಿರಮ್ಮ ಅದನ್ನು ನೋಡಿದ್ದಳು.

ನಡೆದದ್ದು ಹೀಗೆ. ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವ ಮಿಷೀನು ಕೆಟ್ಟು ರಿಪೇರಿಗೆ ಹೋಗಿತ್ತು. ಅದು ಬರುವ ತನಕ ನಡೆಯಲಿ ಎಂದು ಬೀರುವಿನ ಮೇಲಿನಿಂದ ಹಳೆಯ ಲ್ಯಾಕ್ಟೋಮೀಟರನ್ನು ಇಳಿಸಿದ್ದರು. ಹಾಲಿನೊಳಗೆ ಬಿಟ್ಟರೆ ನೆಟ್ಟಗೆ ತೇಲುವ ಗಾಜಿನ ಕಡ್ಡಿ; ಹಾಲು ಗಟ್ಟಿಯಿದ್ದರೆ ಮೇಲೆ ನಿಲ್ಲುತ್ತದೆ, ನೀರು ಬೆರೆತಿದ್ದರೆ ಮುಳುಗುತ್ತದೆ. ಕಡ್ಡಿಯ ಮೇಲಿನ ಗೆರೆಗಳನ್ನು ಊರಿನವರು ಡಿಗ್ರಿ ಎನ್ನುತ್ತಾರೆ. ಇಪ್ಪತ್ತಾರಕ್ಕಿಂತ ಕೆಳಗಿಳಿದರೆ ಹಾಲು ವಾಪಸ್ಸು. ಡೇರಿಯ ಕಾರ್ಯದರ್ಶಿ ಅವಳ ಅಪ್ಪ ನಾಗರಾಜುವೇ. ಆದರೆ ಅವನ ಕಣ್ಣಿನ ಪೊರೆ ತೆಗೆದು ಇನ್ನೂ ವಾರವಾಗಿರಲಿಲ್ಲ. ಧೂಳಿಗೆ ಹೋಗಕೂಡದು ಎಂದು ಡಾಕ್ಟರು ಹೇಳಿದ್ದರು, ಹೋದರೂ ಕೂದಲೆಳೆಯಂಥ ಆ ಗೆರೆಗಳು ಕಾಣುವಂತಿರಲಿಲ್ಲ. ಹಾಗಾಗಿ ಮೂರು ದಿನದಿಂದ ಬೆಳಿಗ್ಗೆ ಸಂಜೆ ಮೇಜಿನ ಹಿಂದೆ ದೀಪಿಕ. ಕೂತ ಮೊದಲ ದಿನವೇ ಮೇಜಿನ ಗಾಜಿನಡಿ ರಸಾಯನಶಾಸ್ತ್ರದ ಸಮೀಕರಣಗಳ ಚೀಟಿ ಸೇರಿಸಿದ್ದಳು. ಒಂದು ಕ್ಯಾನಿಗೂ ಇನ್ನೊಂದು ಕ್ಯಾನಿಗೂ ನಡುವೆ ಒಂದು ಸಮೀಕರಣ. ನಲವತ್ತು ಮನೆಯ ಹಾಲಿಗೆ ನಲವತ್ತು. ಯಾರಿಗೂ ಗೊತ್ತಾಗದಂತೆ ತನ್ನ ದಿನಕ್ಕೆ ಒಂದು ಗಂಟೆ ಸೇರಿಸಿಕೊಂಡೆ ಎಂದು ಒಳಗೊಳಗೇ ಹಿಗ್ಗಿದ್ದಳು.

ದೇವಿರಮ್ಮನ ಮನೆಗೂ ಡೇರಿಗೂ ನಡುವೆ ಒಂದೇ ಗೋಡೆ. ಗಂಡ ಇಲ್ಲ, ಇದ್ದೊಬ್ಬ ಮಗಳನ್ನು ಮಳವಳ್ಳಿಗೆ ಕೊಟ್ಟಿದ್ದಾಳೆ, ಇರುವುದು ಒಂದು ಹಸು. ಕರೆದ ಹಾಲಿನ ನೊರೆ ಇಳಿಯುವ ಮೊದಲೇ ಕ್ಯಾನು ಹಿಡಿದು ಬಂದು ನಿಲ್ಲುತ್ತಾಳೆ; ದಿನವೂ ಅವಳೇ ಮೊದಲು. ಆದರೆ ಅಪ್ಪ ಆ ಕ್ಯಾನನ್ನು ಇಸಿದುಕೊಂಡು, ಪಕ್ಕದ ಕಲ್ಲಿನ ಮೇಲಿಟ್ಟು, ಒದ್ದೆ ಬಟ್ಟೆ ಸುತ್ತಿ, ಊರಿನವರದ್ದೆಲ್ಲ ಮುಗಿದ ಮೇಲೆ ಕಟ್ಟಕಡೆಗೆ ನೋಡುತ್ತಿದ್ದ. ಮಿಷೀನು ಬರುವ ಮೊದಲೂ ಹಾಗೆಯೇ, ಬಂದ ಮೇಲೂ ಹಾಗೆಯೇ. ಚಿಕ್ಕಂದಿನಿಂದ ನೋಡಿಕೊಂಡು ಬಂದಿದ್ದ ದೀಪಿಕಳಿಗೆ ಇದು ಶುದ್ಧ ಅನ್ಯಾಯವೆಂದೇ ಅನ್ನಿಸಿತ್ತು. ಹಿಂದೆ ಮುಂದೆ ಕೇಳುವವರಿಲ್ಲದ ಹೆಂಗಸು, ಅದಕ್ಕೇ ಹಿಂದಕ್ಕೆ ತಳ್ಳುತ್ತಾರೆ. ಮೊದಲ ಎರಡು ದಿನ ಅಪ್ಪ ಹೇಳಿ ಕಳಿಸಿದಂತೆ ಕೊನೆಗೇ ನೋಡಿದಳು. ಇವತ್ತು ಮಾತ್ರ, ಮೊದಲು ಬಂದವರದ್ದು ಮೊದಲು, ಬಾ ದೊಡ್ಡವ್ವ, ಎಂದು ಕರೆದಳು. ಕರೆಯುವಾಗ ಎದೆ ಸ್ವಲ್ಪ ಉಬ್ಬಿತ್ತು. ಊರಿನ ಹಳೆಯ ತಪ್ಪೊಂದನ್ನು ಬಸ್ಸಿಗೆ ಹೊರಡುವ ಮೊದಲೇ ಸರಿಮಾಡಿಬಿಟ್ಟೆ ಎಂದುಕೊಂಡಿದ್ದಳು.

ಕಡ್ಡಿ ಮುಳುಗಿ ಇಪ್ಪತ್ನಾಲ್ಕಕ್ಕೆ ನಿಂತಿತು. ಬಗ್ಗಿ, ಕಣ್ಣನ್ನು ಹಾಲಿನ ಮಟ್ಟಕ್ಕೆ ತಂದು, ಕಾಲೇಜಿನಲ್ಲಿ ಹೇಳಿಕೊಟ್ಟಂತೆ ಇನ್ನೊಂದು ಸಲ ನೋಡಿದಳು. ಇಪ್ಪತ್ನಾಲ್ಕೇ. ಡಿಗ್ರಿ ಬಂದಿಲ್ಲ ದೊಡ್ಡವ್ವ ಎಂದು ಮೆಲ್ಲಗೇ ಹೇಳಿದ್ದಳು, ಆದರೆ ಸಾಲಿನ ಕಿವಿ ಅಂಥ ಮಾತಿಗೆ ಯಾವಾಗಲೂ ಚುರುಕು. ಎರಡನೆಯವನಾಗಿ ನಿಂತಿದ್ದ ಶಿವರಾಜು, ಊರಿನಲ್ಲಿ ಯಾರನ್ನೂ ಬಿಡದೆ ಆಡಿಕೊಳ್ಳುವವನು, ತನ್ನ ಕ್ಯಾನನ್ನು ಕೆಳಗಿಟ್ಟೇ ಕೇಳಿದ. “ಏನ್ ದೇವಿರವ್ವ, ಇವತ್ತು ಅಸ ಕರೆದ್ಯಾ, ಬೋರ್‌ವೆಲ್ ಕರೆದ್ಯಾ?” ನಗು ಹಿಂದಿನ ತುದಿಯ ತನಕ ಹೋಗಿ ಮತ್ತೆ ಮುಂದಕ್ಕೆ ಬಂದಿತು. ದೀಪಿಕಳ ತುಟಿಯೂ ಬಿಚ್ಚಿಕೊಂಡಿತು. ಹಸು ಬಿಟ್ಟು ಬೋರ್‌ವೆಲ್ ಕರೆಯುವ ದೇವಿರಮ್ಮ ಒಂದು ಗಳಿಗೆ ಕಣ್ಣ ಮುಂದೆ ಬಂದಿದ್ದಳು, ಅಷ್ಟೇ. ದೇವಿರಮ್ಮ ಶಿವರಾಜುವಿನ ಕಡೆ ತಿರುಗಲೂ ಇಲ್ಲ.

“ನೀನೇ ನೋಡ್ದ್ಯಾ ಮಗಾ?” ಎಂದು ಕೇಳಿದಳು.

ದೀಪಿಕ ಊಂ ಎಂದಳು.

“ಓದೋ ಮಗ ನೀನು. ನೀ ನೋಡಿದ್ ಮ್ಯಾಲೆ ಸರಿಯಾಗೇ ಇರ್ತದೆ ಬುಡು,” ಎಂದು ಕ್ಯಾನನ್ನು ಸೆರಗಿನೊಳಗೆ ಮುಚ್ಚಿಕೊಂಡು ಗೋಡೆಯಾಚೆ ಹೋದಳು. ಮೂವತ್ತು ಹೆಜ್ಜೆ ಇರಬಹುದು. ಅಷ್ಟೂ ಹೆಜ್ಜೆಗೆ ಸಾಲು ಅವಳ ಬೆನ್ನನ್ನೇ ನೋಡುತ್ತಿತ್ತು.

ಮದ್ದೂರಿನ ಸೇತುವೆಯ ಮೇಲೆ ಬಸ್ಸು ನಿಧಾನವಾಯಿತು. ಕೆಳಗೆ ಶಿಂಷೆಯಲ್ಲಿ ನೀರು ಕಲ್ಲುಗಳ ನಡುವೆ ದಾರಿ ಹುಡುಕಿಕೊಂಡು ವೈದ್ಯನಾಥಪುರದ ಕಡೆಗೆ ಹೋಗುತ್ತಿತ್ತು. ಪುಸ್ತಕ ಮುಚ್ಚಿದಳು. ನಿಜ ಹೇಳಬೇಕೆಂದರೆ ಈ ವರ್ಷ ಅವಳು ಸುಖವಾಗಿದ್ದಳು, ಮತ್ತು ಅದನ್ನು ಯಾರಿಗೂ ಹೇಳುವಂತಿರಲಿಲ್ಲ. ಕಾಲೇಜಿನ ಹುಡುಗಿಯರೆಲ್ಲ ಸೇರಿದರೆ ನಡೆಯುವುದು ನಿಟ್ಟುಸಿರಿನ ಸ್ಪರ್ಧೆ: ನಾಲ್ಕು ಸಬ್ಜೆಕ್ಟು, ನಾಲ್ಕು ರೆಕಾರ್ಡು, ಬೋರ್ಡು ಪರೀಕ್ಷೆ ಬೇರೆ, ಸಿಇಟಿ ಬೇರೆ, ನೀಟ್ ಬೇರೆ, ಯಾವುದೂ ಓದಿಲ್ಲ ಕಣೇ, ಸತ್ತೇ ಹೋಗುತ್ತೇನೆ. ದೀಪಿಕಳೂ ಅವರ ಜೊತೆ ಉಸಿರು ಬಿಡುತ್ತಿದ್ದಳು, ಬಿಡದಿದ್ದರೆ ಸೊಕ್ಕು ಎಂದಾರು. ಆದರೆ ಒಳಗೆ ಹಾಗಿರಲಿಲ್ಲ. ಗಣಿತದಲ್ಲಿ ಸಿಕ್ಕಿಕೊಂಡರೆ ಜೀವಶಾಸ್ತ್ರಕ್ಕೆ ಹೋಗಿ ಮೂತ್ರಪಿಂಡದ ಚಿತ್ರ ಬರೆದು, ಅದು ಬೇಸರವಾದರೆ ರಸಾಯನಕ್ಕೆ ಹೊರಳಿ, ಮತ್ತೆ ಗಣಿತಕ್ಕೆ ಬರುವ ಹೊತ್ತಿಗೆ ಸಿಕ್ಕು ತಾನಾಗಿ ಸಡಿಲವಾಗಿರುತ್ತಿತ್ತು. ನಾಲ್ಕು ಒಲೆಯ ಮೇಲೆ ನಾಲ್ಕು ಪಾತ್ರೆಯಿಟ್ಟು ಯಾವುದೂ ಸೀಯದಂತೆ ನೋಡಿಕೊಳ್ಳುವ ಅವ್ವನ ಹಬ್ಬದ ಅಡಿಗೆಯ ಖುಷಿ ಅದು. ಊರಿನವರು ಡಾಕ್ಟ್ರಮ್ಮ ಎಂದು ಕರೆಯತೊಡಗಿದಾಗ ಇನ್ನೂ ಸೀಟೇ ಸಿಕ್ಕಿಲ್ಲ ಎಂದು ಬಾಯಲ್ಲಿ ಅಂದರೂ ಆ ಮಾತು ಇನ್ನೊಂದು ಸಲ ಬರಲಿ ಎಂದು ಕಿವಿ ಕಾಯುತ್ತಿತ್ತು. ಇವತ್ತು ಮಾತ್ರ ಆ ಖುಷಿಯೊಳಗೆ ಸಣ್ಣ ಕಲ್ಲೊಂದು ಸೇರಿಕೊಂಡಿತ್ತು. ದೇವಿರಮ್ಮ ನೀರು ಹಾಕಿದಳೇ? ಅವಳು ಹಾಕುವವಳಲ್ಲ. ಆದರೆ ಕಡ್ಡಿ ಸುಳ್ಳು ಹೇಳುವುದೂ ಇಲ್ಲವಲ್ಲ. ಎರಡನ್ನೂ ಒಟ್ಟಿಗೆ ನಂಬುವುದು ಹೇಗೆ ಎಂದು ಮಂಡ್ಯದ ತನಕ ಹೊಳೆಯಲಿಲ್ಲ.

ಅವತ್ತು ರಸಾಯನಶಾಸ್ತ್ರದ ಪೂರ್ವಸಿದ್ಧತಾ ಪ್ರಾಯೋಗಿಕ ಪರೀಕ್ಷೆ. ನೇರಳೆ ಬಣ್ಣದ ಪೊಟ್ಯಾಸಿಯಂ ಪರ್ಮಾಂಗನೇಟು ಬ್ಯುರೆಟ್ಟಿನಲ್ಲಿ, ಬಣ್ಣವಿಲ್ಲದ ಆಕ್ಸಾಲಿಕ್ ಆಮ್ಲ ಫ್ಲಾಸ್ಕಿನಲ್ಲಿ. ಹನಿಹನಿಯಾಗಿ ಬಿಡುತ್ತ ಹೋದರೆ ಒಂದು ಹನಿಯಲ್ಲಿ ತೆಳು ಗುಲಾಬಿ ನಿಲ್ಲುತ್ತದೆ, ಅಲ್ಲಿಗೆ ನಿಲ್ಲಿಸಬೇಕು. ಪಕ್ಕದಲ್ಲಿ ನಿಂತಿದ್ದ ವೀಣ, ಗುತ್ತಲಿನವಳು, ದೀಪಿಕಳ ಏಕೈಕ ಗೆಳತಿ, ಮೊದಲ ರೀಡಿಂಗಿಗೇ ಮೂರು ಸಲದ್ದೂ ಬರೆದು ಮುಗಿಸಿ ಅತ್ತಿತ್ತ ನೋಡುತ್ತಿದ್ದಳು. ಎಲ್ಲರೂ ಮಾಡುವುದೇ ಅದು; ಉತ್ತರ ಎಷ್ಟು ಬರಬೇಕೆಂದು ಹಿಂದಿನ ಬ್ಯಾಚಿನವರು ಹೇಳಿಹೋಗಿರುತ್ತಾರೆ. ದೀಪಿಕಳ ಮೊದಲೆರಡು ಸಲ ಹತ್ತು ಪಾಯಿಂಟ್ ಎರಡು ಬಂತು. ಕಡು ಬಣ್ಣದ ದ್ರಾವಣವಾದರೆ ಮೇಲಿನ ಅಂಚು ನೋಡಬೇಕು ಎಂದು ಲೆಕ್ಚರರ್ ರಘುನಂದನ್ ಎಲ್ಲರಿಗೂ ಸಾರಿ ಸಾರಿ ಹೇಳುತ್ತಿದ್ದರು. ಅದನ್ನು ಯಾರೂ ಅವಳಿಗೆ ಹೇಳಬೇಕಾಗಿರಲಿಲ್ಲ, ಹಾಲಿನಲ್ಲೂ ಮೇಲಿನ ಅಂಚೇ ನೋಡುವುದು. ಈ ಒಂದು ವಿಷಯ ಪುಸ್ತಕಕ್ಕಿಂತ ಮೊದಲು ಡೇರಿ ಕಲಿಸಿತ್ತು ಎಂಬುದು ಅವಳಿಗೆ ಸಮಾಧಾನ ಕೊಡುತ್ತಿತ್ತು.

ಮೂರನೆಯ ಸಲಕ್ಕೆ ಫ್ಲಾಸ್ಕನ್ನು ಬಿಸಿ ಮಾಡಿ ಇಳಿಸಿ, ಎಷ್ಟು ಬಿಸಿಯಾಗಿದೆ ಎಂದು ನೋಡಲು ತಳವನ್ನು ಅಂಗೈಗೆ ತಾಗಿಸಿಕೊಂಡಳು. ಅಷ್ಟಕ್ಕೇ ಕೈ ಅಲ್ಲೇ ನಿಂತುಬಿಟ್ಟಿತು. ಈ ಬಿಸುಪು ಇವತ್ತೇ ಒಂದು ಸಲ ಈ ಅಂಗೈಗೆ ಬಂದಿತ್ತು. ಇಷ್ಟು ಸುಡುತ್ತಿರಲಿಲ್ಲ, ಆದರೆ ಬೆಚ್ಚಗಿತ್ತು. ದೇವಿರಮ್ಮನ ಕ್ಯಾನು. ಇಸಿದುಕೊಂಡಾಗ ಮುಂಜಾನೆಯ ಚಳಿಗೆ ಹಿತವಾಗಿ ಇನ್ನೊಂದು ಗಳಿಗೆ ಹೆಚ್ಚೇ ಹಿಡಿದುಕೊಂಡಿದ್ದಳು. ಉಳಿದ ಕ್ಯಾನುಗಳೆಲ್ಲ ತಣ್ಣಗಿದ್ದವು. ಹೊಲದ ಕೊಟ್ಟಿಗೆಗಳಿಂದ, ಕೆರೆಯ ಆಚೆಯಿಂದ, ಇಬ್ಬನಿಯಲ್ಲಿ ನಡೆದು ಬಂದ ಹಾಲು. ಇವಳದ್ದು ಗೋಡೆಯಾಚೆಯಿಂದ, ಹಸುವಿನ ಮೈಯ ಬಿಸಿ ಹೊತ್ತುಕೊಂಡೇ, ಮೇಲೆ ನೊರೆ ತುಂಬಿಕೊಂಡೇ ಬಂದದ್ದು. ಬಿಸಿಯಾದದ್ದು ಹಿಗ್ಗುತ್ತದೆ, ಹಿಗ್ಗಿದ್ದು ಹಗುರಾಗುತ್ತದೆ, ಹಗುರಾದದ್ದರಲ್ಲಿ ಕಡ್ಡಿ ಹೆಚ್ಚು ಮುಳುಗುತ್ತದೆ. ಫಸ್ಟ್ ಪಿಯುಸಿಯಲ್ಲಿ ಈ ಪಾಠಕ್ಕೆ ಅವಳಿಗೆ ಪೂರಾ ಅಂಕ ಬಂದಿತ್ತು. ಕಡ್ಡಿಯ ಒಳಗೆ ಸುತ್ತಿಟ್ಟ ಕಾಗದದಲ್ಲಿ ಇಪ್ಪತ್ತೇಳು ಡಿಗ್ರಿ ಸೆಲ್ಸಿಯಸ್ ಎಂದು ಸಣ್ಣಕ್ಷರದಲ್ಲಿ ಬರೆದಿತ್ತು, ಮೂರು ದಿನವೂ ಓದಿದ್ದಳು, ಓದಿ ಬಿಟ್ಟಿದ್ದಳು. ಅಪ್ಪ ಆ ಕ್ಯಾನನ್ನು ಕಲ್ಲಿನ ಮೇಲಿಟ್ಟು ಒದ್ದೆ ಬಟ್ಟೆ ಸುತ್ತುತ್ತಿದ್ದದ್ದು ಯಾಕೆಂದು ಈಗ ಅಂಗೈಗೇ ತಿಳಿಯುತ್ತಿತ್ತು. ನ್ಯಾಯ ಮಾಡುತ್ತೇನೆಂದು ಹೋಗಿ, ಒಂದು ಹನಿ ನೀರು ಹಾಕದ ಹೆಂಗಸನ್ನು ನಲವತ್ತು ಮನೆಯ ಮುಂದೆ ಕಳ್ಳಿ ಮಾಡಿದ್ದಳು.

ಕೈ ಬ್ಯುರೆಟ್ಟಿನ ನಲ್ಲಿಯ ಮೇಲೆ ಇತ್ತು, ಗಮನ ಇರಲಿಲ್ಲ. ಫ್ಲಾಸ್ಕು ಕಡು ಗುಲಾಬಿಯಾಗಿ ಹೋಯಿತು. ನೋಡಿದರೆ ಹತ್ತು ಪಾಯಿಂಟ್ ಎಂಟು. ಹತ್ತು ಪಾಯಿಂಟ್ ಎರಡೇ ಬರೆ, ಯಾರು ನೋಡುತ್ತಾರೆ ಎಂದು ವೀಣ ಪಿಸುಗುಟ್ಟಿದಳು. ಬೇರೆ ದಿನವಾಗಿದ್ದರೆ ಬರೆಯುತ್ತಿದ್ದಳೇನೋ. ಮುಂದೆ ಒಂದು ದಿನ ಯಾರೋ ರೋಗಿ ತೋಳು ಚಾಚಿ ಎದುರಿಗೆ ಕೂರುತ್ತಾರೆ, ತಾನು ಒಂದು ಸಂಖ್ಯೆ ಹೇಳುತ್ತೇನೆ, ಅವರು ನೀ ನೋಡಿದ ಮೇಲೆ ಸರಿಯಾಗೇ ಇರುತ್ತದೆ ಎಂದು ಎದ್ದು ಹೋಗುತ್ತಾರೆ. ಹತ್ತು ಪಾಯಿಂಟ್ ಎಂಟು ಎಂದೇ ಬರೆದು, ಪಕ್ಕದಲ್ಲಿ ಗಮನ ತಪ್ಪಿತು ಎಂದು ಬರೆದು, ನಾಲ್ಕನೆಯ ಸಲ ಮಾಡಲು ಕೂತಳು. ಹೊತ್ತು ಸಾಲದೆ ಕೊನೆಯ ಪ್ರಶ್ನೆ ಅರ್ಧಕ್ಕೇ ನಿಂತಿತು. ರಘುನಂದನ್ ಹಾಳೆ ತೆಗೆದುಕೊಂಡವರು ಅಲ್ಲೇ ನಿಂತು ಓದಿ, ನಲವತ್ತು ಜನರಲ್ಲಿ ನಿನ್ನದೊಂದೇ ನಿಜವಾಗಿ ಮಾಡಿದ ಹಾಗೆ ಕಾಣುತ್ತದಮ್ಮ ಎಂದರು. ಹೊಗಳಿಕೆಯೋ ಚುಚ್ಚು ಮಾತೋ ತಿಳಿಯಲಿಲ್ಲ, ಅಂಕವಂತೂ ಹೋಗಿತ್ತು.

ಊಟದ ಹೊತ್ತಿಗೆ ಅಪ್ಪನಿಗೆ ಫೋನು ಮಾಡಿದಳು. ಬೆಳಿಗ್ಗೆ ಎಲ್ಲ ಸರಿಯಾಗಿ ಆಯಿತಾ ಎಂದು ಅವನೇ ಮೊದಲು ಕೇಳಿದ. ಆಯಿತು ಎಂದುಬಿಟ್ಟಳು. ಆ ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಅಚ್ಚರಿಯಾಯಿತು. ಆಮೇಲೆ, ಏನೂ ಇಲ್ಲವೆಂಬಂತೆ, ದೇವಿರಮ್ಮನ ಹಾಲನ್ನು ಯಾಕೆ ಕೊನೆಯಲ್ಲಿ ನೋಡುತ್ತೀಯ ಎಂದು ಕೇಳಿದಳು. ಅಪ್ಪ ಯೋಚಿಸಿದ. ಅದನ್ನು ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ತನಗಿಂತ ಮೊದಲು ಡೇರಿಯಲ್ಲಿದ್ದ ಮರಿಯಯ್ಯ ಹಾಗೆ ಮಾಡುತ್ತಿದ್ದ, ನೋಡಿ ಕಲಿತದ್ದು ಎಂದ. “ಬಿಸಿ ಆಲು ಸುಳ್ಳು ಯೋಳ್ತದೆ ಅಂತಿದ್ದ ಮರಿಯಯ್ಯ. ಯಾಕೆ ಅಂತ ನಂಗೊತ್ತಿಲ್ಲ. ನಿಮ್ ಪುಸ್ತಕ್ದಾಗೆ ಇರ್ಬೇಕು ನೋಡು.” ಇದೆ ಅಪ್ಪ ಎಂದಳು. ತಟ್ಟೆಯಲ್ಲಿದ್ದ ಚಿತ್ರಾನ್ನ ತಣ್ಣಗಾಗಿತ್ತು. ವೀಣ ತನ್ನ ಡಬ್ಬಿಯಿಂದ ಎರಡು ನಿಪ್ಪಟ್ಟು ಎತ್ತಿ ಅವಳ ಕೈಗೆ ಹಾಕಿದಳು, ಪರೀಕ್ಷೆ ಕೆಟ್ಟದ್ದಕ್ಕೆ ಹೀಗೆ ಕೂತಿದ್ದಾಳೆ ಎಂದುಕೊಂಡು.

ಸಂಜೆ ಮದ್ದೂರಿನಿಂದ ಹೊರಟ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಮುಂದಿನ ಸೀಟಿನಲ್ಲಿ ಊರಿನ ಅಂಕಮ್ಮ, ಪಕ್ಕದಲ್ಲಿ ಕೊಪ್ಪದ ಯಾರೋ ಹೆಂಗಸು. ದೇವಿರಮ್ಮನಂಥವಳೂ ನೀರು ಹುಯ್ದಳಂತೆ, ಇನ್ನು ಯಾರನ್ನು ನಂಬುವುದು ಎಂದು ಅಂಕಮ್ಮ ಹೇಳುತ್ತಿದ್ದಳು. ನೋಡಿದವರು ಯಾರು ಎಂದು ಇನ್ನೊಬ್ಬಳು ಕೇಳಿದ್ದಕ್ಕೆ, ನಮ್ಮ ನಾಗರಾಜನ ಮಗಳು, ಡಾಕ್ಟರಿಗೆ ಓದುತ್ತಿರುವವಳು, ತಪ್ಪಾಗುವ ಮಾತೇ ಇಲ್ಲ ಎಂದಳು. ಕಂಬಿ ಹಿಡಿದು ಹಿಂದೆಯೇ ನಿಂತಿದ್ದ ದೀಪಿಕ ಮುಖವನ್ನು ತೋಳಿನಲ್ಲಿ ಮುಚ್ಚಿಕೊಂಡಳು. ಬೆಳಿಗ್ಗೆಯ ಮಾತು ಮದ್ದೂರಿಗೆ ಹೋಗಿ ವಾಪಸ್ಸು ಬರುತ್ತಿತ್ತು, ಅದೂ ತನ್ನ ಓದನ್ನೇ ಸಾಕ್ಷಿಗೆ ಕರೆದುಕೊಂಡು. ಇಪ್ಪತ್ತು ಕಿಲೋಮೀಟರು ಅವಳು ಯಾವ ಪಾಠವನ್ನೂ ಓದಲಿಲ್ಲ. ದೊಡ್ಡವ್ವನಿಗೆ ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಬರೆದು, ಹೊಡೆದು, ಮತ್ತೆ ಬರೆದಳು.

ಮನೆಗೂ ಹೋಗದೆ ಬ್ಯಾಗಿನ ಸಮೇತ ನೇರ ದೇವಿರಮ್ಮನ ಕೊಟ್ಟಿಗೆಗೆ ಹೋದಳು. ದೇವಿರಮ್ಮ ಹಸುವಿನ ಮುಂದೆ ಹುಲ್ಲು ಹಾಕುತ್ತಿದ್ದಳು. ದೀಪಿಕ ನಿಂತಲ್ಲೇ ಎಲ್ಲವನ್ನೂ ಹೇಳಿದಳು: ಬಿಸಿ, ಹಿಗ್ಗುವುದು, ಸಾಂದ್ರತೆ, ನೊರೆಯಲ್ಲಿ ಸೇರಿಕೊಂಡ ಗಾಳಿ, ಕಡ್ಡಿಯೊಳಗಿನ ಕಾಗದ. ಹೇಳುತ್ತ ಹೇಳುತ್ತ ಅದು ಪರೀಕ್ಷೆಯ ಉತ್ತರದಂತೆ ಆಗುತ್ತಿದೆ ಎಂದು ಅವಳಿಗೇ ಗೊತ್ತಾಯಿತು. ದೇವಿರಮ್ಮ ಕೊನೆಯ ತನಕ ಕೇಳಿ, ಕೈ ಒರೆಸಿಕೊಂಡು ಒಳಗೆ ಹೋಗಿ, ಒಂದು ಮಡಕೆ ತಂದು ಅವಳ ಮುಂದೆ ಪೂರ್ತಿ ಓರೆ ಮಾಡಿ ಹಿಡಿದಳು. ಬೆಳಿಗ್ಗೆ ವಾಪಸ್ಸಾದ ಹಾಲು, ಹೆಪ್ಪು ಹಾಕಿಟ್ಟಿದ್ದಳು. ಮೊಸರು ಅಲುಗಲಿಲ್ಲ. ಅಂಚಿನಲ್ಲಿ ನೀರೂ ಬಿಟ್ಟಿರಲಿಲ್ಲ. ನೀರು ಬೆರೆತ ಹಾಲು ಹೀಗೆ ಕಲ್ಲಿನ ಹಾಗೆ ಹೆಪ್ಪುಗಟ್ಟುವುದಿಲ್ಲ ಎಂದು ಊರಿನ ಯಾವ ಹೆಂಗಸಿಗೂ ಗೊತ್ತು.

“ಅಂಗಾದ್ರೆ ನಿಂಗೆ ಗೊತ್ತಿತ್ತು. ಯಾಕ್ ದೊಡ್ಡವ್ವ ಅಲ್ಲೇ ಜಗಳ ಆಡ್ನಿಲ್ಲ?”

“ಆಡಿ? ನಾಕ್ ಜನದ್ ಮುಂದೆ ನಿಂಗೆ ನೋಡಕ್ ಬರಾಕಿಲ್ಲ ಅಂದಿದ್ರೆ, ನಾಳೆ ನೀ ಯೋಳಿದ್ದ ಯಾರ್ ನಂಬ್ತಾರೆ? ನಂದೇನು, ಮೂರ್ ದಿನ ಆಡ್ಕೊಂಡು ಮರೀತಾರೆ. ನಿಂದು ಈಗ ಸುರುವಾಗ್ತಾ ಅದೆ.” ಮಡಕೆಯನ್ನು ಕೆಳಗಿಟ್ಟು, ಅವಳನ್ನು ನೋಡದೆಯೇ ಕೇಳಿದಳು. “ಅದೆಲ್ಲ ಇರ್ಲಿ. ನಕ್ಕಿದ್ದ್ಯಾಕ್ ಮಗಾ?”

ದೀಪಿಕ ಹಸುವಿನ ಕಿವಿ ನೋಡಿದಳು, ಮಡಕೆಯನ್ನು ನೋಡಿದಳು, ಬ್ಯಾಗಿನ ಪಟ್ಟಿ ಹಿಡಿದುಕೊಂಡಳು. ಅಳು ಬಂತು. ಅತ್ತಳು. ದೇವಿರಮ್ಮ ಗಟ್ಟಿ ಮೊಸರಿನಲ್ಲಿ ಅನ್ನ ಕಲಸಿ, ಉಪ್ಪಿನಕಾಯಿ ಇಟ್ಟು ತಂದು ಕೊಟ್ಟಳು. ದೀಪಿಕ ಅಳುತ್ತಲೇ ಎಲ್ಲವನ್ನೂ ಉಂಡಳು, ಮಧ್ಯಾಹ್ನವೂ ಉಂಡಿರಲಿಲ್ಲ. ಡೇರಿಯಲ್ಲಿ ಏನೂ ಬಾಯಿ ಬಿಡಬೇಡ ಎಂದು ದೇವಿರಮ್ಮ ಎರಡು ಸಲ ಹೇಳಿ ಕಳಿಸಿದಳು.

ಅವಳು ಬಾಯಿ ಬಿಟ್ಟಳು. ಸಂಜೆಯ ಸಾಲು ಸೇರಿದ ಮೇಲೆ ಮೇಜಿನ ಹಿಂದೆ ಕೂರದೆ ಮುಂದೆ ಬಂದು ನಿಂತಳು. “ಬೆಳಿಗ್ಗೆ ನಾನು ನೋಡಿದ್ದು ತಪ್ಪು. ದೊಡ್ಡವ್ವ ನೀರು ಹಾಕಿರ್ನಿಲ್ಲ. ಬಿಸಿ ಹಾಲು ನೋಡ್ಬಿಟ್ಟೆ,” ಎಂದಳು. ಆಗಷ್ಟೇ ಕರೆದು ತಂದಿದ್ದ ದೇವಿರಮ್ಮನ ಹಾಲಿಗೆ ಎಲ್ಲರ ಎದುರಿಗೆ ಕಡ್ಡಿ ಬಿಟ್ಟು, ಇಪ್ಪತ್ನಾಲ್ಕೆಂದು ಶಿವರಾಜುವಿನ ಕೈಯಲ್ಲೇ ಓದಿಸಿದಳು. ಆಮೇಲೆ ಕ್ಯಾನನ್ನು ತಣ್ಣೀರಿನ ಬೇಸಿನ್ನಿನಲ್ಲಿ ಇಟ್ಟು, ನೊರೆ ಇಳಿಯುವ ತನಕ ಎಲ್ಲರೂ ಕಾಯಬೇಕು ಎಂದಳು. ಗೊಣಗಾಟ ಎದ್ದಿತು, ಆದರೆ ಯಾರೂ ಹೋಗಲಿಲ್ಲ. ಅರ್ಧ ಗಂಟೆಯಾದ ಮೇಲೆ ಅದೇ ಹಾಲಿನಲ್ಲಿ ಅದೇ ಕಡ್ಡಿ ಇಪ್ಪತ್ತೇಳೂವರೆಗೆ ನಿಂತಿತು. ಶಿವರಾಜು ಎರಡು ಸಲ ಬಗ್ಗಿ ನೋಡಿದ. ನಂತರ, ದೇವಿರಮ್ಮ ಹೆದರಿದ್ದದ್ದೇ ಆಯಿತು. ಹಾಗಾದರೆ ನಿನ್ನೆ ನನ್ನದನ್ನು ನೋಡಿದ್ದು ಸರಿಯೋ ಎಂದು ಒಬ್ಬ, ನನ್ನದೂ ಆರಲಿ, ಇನ್ನೊಂದು ಸಲ ನೋಡು ಎಂದು ಇನ್ನೊಬ್ಬಳು. ನಲವತ್ತು ಕ್ಯಾನು, ಎರಡೆರಡು ಸಲ. ಗಣಿತದ ಹೊತ್ತು ಪೂರ್ತಿ ಅಲ್ಲೇ ಹೋಯಿತು. ಮೊದಮೊದಲು ಪ್ರತಿ ಮಾತೂ ಕೆನ್ನೆಗೆ ಬಿದ್ದಂತಾಗುತ್ತಿತ್ತು. ಹದಿನೈದನೆಯ ಕ್ಯಾನಿನ ಹೊತ್ತಿಗೆ ಅದು ಹೋಯಿತು. ಪ್ರತಿ ಸಲ ಬಗ್ಗುವಾಗಲೂ ಈಗ ಅವಳು ನಿಜವಾಗಿ ನೋಡುತ್ತಿದ್ದಳು. ಮೇಜಿನ ಗಾಜಿನಡಿಯ ಚೀಟಿಗಳ ಕಡೆ ಕಣ್ಣು ಹೋಗಲಿಲ್ಲ.

ಎಲ್ಲ ಮುಗಿಯುತ್ತ ಬಂದಾಗ ಶಿವರಾಜು ಖಾಲಿ ಕ್ಯಾನು ಎತ್ತಿಕೊಂಡು ಕೇಳಿದ. “ಅಲ್ಲ ಡಾಕ್ಟ್ರಮ್ಮ, ನಾಳೆ ಜರ ಬಂದು ಬಿಸಿಯಾಗಿರೋರ್ನೂವೆ ಇಂಗೇ ಒದ್ದೆ ಬಟ್ಟೆ ಸುತ್ತಿ ಅರ್ಧ ಗಂಟೆ ಕಲ್ ಮ್ಯಾಲೆ ಮಡಗ್ತೀಯಾ?” ನಗು ಸಾಲಿನ ಹಿಂದಿನ ತುದಿಯ ತನಕ ಹೋಗಿ ಬಂದಿತು. ಎಲ್ಲರಿಗಿಂತ ಹೆಚ್ಚು ನಕ್ಕವಳು ದೇವಿರಮ್ಮ. ಸೆರಗನ್ನು ಬಾಯಿಗೆ ಒತ್ತಿ ಹಿಡಿದರೂ ಭುಜ ಕುಣಿಯುತ್ತಿತ್ತು, ಹಲ್ಲು ಕಾಣುತ್ತಿತ್ತು. ನಗುತ್ತಲೇ ದೀಪಿಕಳನ್ನು ನೇರವಾಗಿ ನೋಡಿದಳು. ದೀಪಿಕಳಿಗೆ ಕಿವಿಯ ತನಕ ಕೆಂಪೇರಿತು, ಆದರೆ ಬೆಳಿಗ್ಗೆಯಿಂದ ಎದೆಯಲ್ಲಿ ಕೂತಿದ್ದ ಕಲ್ಲು ಎಲ್ಲೋ ಜಾರಿಹೋಗಿತ್ತು. ಮನೆಗೆ ಹೋಗಿ ಅಪ್ಪನಿಗೂ ಎಲ್ಲ ಹೇಳಿದಳು, ಫೋನಿನಲ್ಲಿ ಹೇಳಿದ ಸುಳ್ಳನ್ನೂ ಸೇರಿಸಿ. ಅಪ್ಪ ಕಪ್ಪು ಕನ್ನಡಕದೊಳಗಿನಿಂದ ಏನು ನೋಡಿದನೋ, ಮರಿಯಯ್ಯ ಇದ್ದಿದ್ದರೆ ಖುಷಿಪಡುತ್ತಿದ್ದ ಎಂದಷ್ಟೇ ಅಂದ. ಗಣಿತ ಒಂದು ದಿನ ಹಿಂದೆ ಬಿದ್ದಿತ್ತು. ಇನ್ನು ದಿನವೂ ಹೀಗೆ ಅರ್ಧ ಗಂಟೆ ಕಾಯುವುದಾದರೆ ಏಳರ ಬಸ್ಸು ಸಿಗುವುದಿಲ್ಲ ಎಂಬುದೊಂದು ಹೊಸ ಚಿಂತೆ ಹುಟ್ಟಿಕೊಂಡಿತು. ಆದರೂ ಅವಳು ಚೆನ್ನಾಗಿ ನಿದ್ದೆ ಮಾಡಿದಳು.

ಮರುದಿನ ಆರು ಗಂಟೆಗೆ ಹೋದರೆ ಡೇರಿಯ ಮುಂದೆ ಆಗಲೇ ಜನ. ಕಲ್ಲಿನ ಮೇಲೆ, ಜಗಲಿಯ ಮೇಲೆ, ಗೋಡೆಯ ಬುಡಕ್ಕೆ, ಸಾಲಾಗಿ ಕ್ಯಾನುಗಳು, ಒಂದೊಂದಕ್ಕೂ ಒದ್ದೆ ಬಟ್ಟೆ ಸುತ್ತಿಕೊಂಡು. ಯಾರದ್ದೋ ಹಳೆಯ ಪಂಚೆ, ಯಾರದ್ದೋ ಮಗುವಿನ ಅಂಗಿ, ಅಂಕಮ್ಮನ ಕ್ಯಾನಿಗೆ ರವಿಕೆಯ ತುಂಡು. ದೇವಿರಮ್ಮ ನಿನ್ನೆ ಸಂಜೆ ದೀಪ ಹಚ್ಚಿದ ಮೇಲೆ ಮನೆಮನೆಗೂ ಹೋಗಿ, ನಾಳೆಯಿಂದ ಅರ್ಧ ಗಂಟೆ ಮೊದಲೇ ಹಾಲು ತನ್ನಿ, ಮಗುವಿಗೆ ಬಸ್ಸು ತಪ್ಪಕೂಡದು ಎಂದು ಹೇಳಿ ಬಂದಿದ್ದಳಂತೆ. ನಿನ್ನೆ ಬೆಳಿಗ್ಗೆ ತನ್ನ ಬೆನ್ನು ನೋಡಿ ನಕ್ಕವರ ಬಾಗಿಲಿಗೆಲ್ಲ ಹೋಗಿದ್ದಳು. ಇದನ್ನು ಹೇಳಿದವಳು ಅಂಕಮ್ಮ. ದೇವಿರಮ್ಮ ಸಾಲಿನ ಮೊದಲಲ್ಲಿ, ತನ್ನ ಕ್ಯಾನಿನ ಪಕ್ಕ, ಕಾಲು ಮಡಿಸಿ ಕೂತಿದ್ದಳು. ದೀಪಿಕ ಬಂದು ಅವಳ ಕ್ಯಾನಿಗೆ ಅಂಗೈ ತಾಗಿಸಿ ನೋಡಿದಳು. ಇನ್ನೂ ಬೆಚ್ಚಗಿತ್ತು. ಹಿಂದಿನಿಂದ ಯಾರೋ ಜೋರಾಗಿ ಮಾತು ಎತ್ತಿದ್ದಕ್ಕೆ, ಸದ್ದು ಮಾಡಬೇಡ್ರಲಾ, ಪರೀಕ್ಷೆ ಐತೆ ಮಗೀಗೆ ಎಂದು ಶಿವರಾಜು ಗದರಿದ.

“ಆರ್ಲಿ ಬುಡು,” ಎಂದಳು ದೇವಿರಮ್ಮ. “ನೀ ಓದ್ಕೋ.”

ದೀಪಿಕ ಮೇಜಿನ ಹಿಂದೆ ಕೂತು ಬ್ಯಾಗಿನಿಂದ ಭೌತಶಾಸ್ತ್ರದ ಪುಸ್ತಕ ತೆಗೆದಳು. ನಲವತ್ತು ಮನೆಯವರು ಕಾಯುತ್ತಿದ್ದರು. ನಿನ್ನೆ ನಿಂತಿದ್ದ ಮೂರನೆಯ ಸಾಲಿನಿಂದ ಓದಲು ಶುರುಮಾಡಿದಳು.